ತಾಯಿ ಪಾತ್ರ ಸಿಕ್ಕಿತು ಅಂತ ಅತ್ತವಳಿಗೆ

ಗದಗ

ಚಿರಂಜೀವಿ ಕೂಸಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಆಗ ನಾನು ಏನೂ ಹೇಳಲಿಲ್ಲ. ಅಳುತ್ತಿರುವವರಿಗೆ ಬುದ್ಧಿ ಹೇಳಿದರೆ ಇನ್ನೂ ಜಾಸ್ತಿ ಅಳ್ತಾರೆ. ಅದಕ್ಕೇ ಈ ಕಾಗದ.

26 ವರ್ಷಕ್ಕೇ ತಾಯಿ ಪಾತ್ರ ಕೊಟ್ಟರು, ನನಗಿಂತ ಎರಡು ವರ್ಷ ತಡವಾಗಿ ಬಂದವಳನ್ನು ನಾಯಕಿ ಮಾಡಿದರು, ರೆಪರ್ಟರಿ ನಾಟಕ ತಂಡ ಬಿಟ್ಟು ಬರ್ತೀನಿ ಅಂತ ನೀನು ಅಂದೆ. ನನಗೆ ಮೊದಲ ಸಲ ತಾಯಿ ಪಾತ್ರ ಬಂದಾಗ 23 ವರ್ಷ. ಮಗನಾದವರಿಗೆ 37! ಅವರು ಬಂದು 'ಅವ್ವಾ' ಅಂತ ಕಾಲಿಗೆ ಬಿದ್ದಾಗ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಜನ ನಾನು ಅಳ್ತಿದ್ದೀನಿ ಅಂದುಕೊಂಡರು. ಚಪ್ಪಾಳೆ ಬಿತ್ತು. ಆಟ ಮುಗಿದು ಬಣ್ಣ ಒರೆಸುವಾಗ ಮಾತ್ರ ನಿಜವಾಗಿಯೂ ಅತ್ತುಬಿಟ್ಟೆ. ಹಾಗಾಗಿ ನಿನ್ನ ಸಂಕಟ ನನಗೆ ಗೊತ್ತಿಲ್ಲ ಅಂತ ತಿಳಿಯಬೇಡ.

ಆದರೂ ಆ ಪಾತ್ರ ಬಿಡಬೇಡ. ಇದರಲ್ಲಿ ತ್ಯಾಗ, ದೊಡ್ಡತನ ಏನೂ ಇಲ್ಲ, ಬರೀ ಲೆಕ್ಕ. ನನ್ನ ಕಾಲದ ನಾಯಕಿಯರಲ್ಲಿ ಹೆಚ್ಚಿನವರು ಹತ್ತು ಹನ್ನೆರಡು ವರ್ಷ ಮೆರೆದು ಮನೆಗೆ ಹೋದರು. ನಾನು 42 ವರ್ಷ ಬಣ್ಣ ಹಚ್ಚಿದೆ. ತಾಯಿ, ಅತ್ತೆ, ಮಲತಾಯಿ, ಗೌಡತಿ, ಹಾಸ್ಯಕ್ಕೆ ಜೋಡಿ ಬೇಕಾದಾಗ ಗಯ್ಯಾಳಿ. ಎಲ್ಲರೂ ದಾವಣಗೆರೆಯ ಚಿಂದೋಡಿ ಲೀಲಾ ಆಗೋಕೆ ಆಗಲ್ಲ. ಅವರು ನಾಟಕ ಕಂಪನಿಯನ್ನೇ ನಡೆಸಿ, 1988ರಲ್ಲಿ ಪದ್ಮಶ್ರೀ ತಗೊಂಡವರು. ಆದರೆ ಯಾವ ಕಂಪನಿಯಲ್ಲಾದರೂ ನಾಯಕಿ ಒಬ್ಬಳಾದರೆ ಅವಳ ಸುತ್ತ ನಾಲ್ಕು ಜನ ಬೇಕು, ಅಲ್ವಾ? ಆ ನಾಲ್ವರಿಗೆ ಕೆಲಸ ತಪ್ಪಲ್ಲ.

ಚಿಕ್ಕ ವಯಸ್ಸಿಗೆ ಮುದುಕಿ ಪಾತ್ರ ಮಾಡಿದರೆ ಹೆಸರು ಕೆಡುತ್ತೆ ಅಂದೆ. ಯಾರು ಹೇಳಿದ್ದು? ಉಮಾಶ್ರೀ ಅವರಿಗೆ ರಂಗಭೂಮಿಯಲ್ಲಿ ದೊಡ್ಡ ಹೆಸರು ಬಂದಿದ್ದೇ 'ಒಡಲಾಳ' ನಾಟಕದ ಮುದುಕಿ ಸಾಕವ್ವನಿಂದ. ಆಗ ಅವರಿಗೇನು ವಯಸ್ಸಾಗಿರಲಿಲ್ಲ. ಸಾಕವ್ವ ಪೋಷಕ ಪಾತ್ರ ಅಲ್ಲ, ನಾಟಕದ ಜೀವವೇ ಅವಳು, ನಿಜ. ವಯಸ್ಸಿನ ಮಾತು ಬಂತು ಅಂತ ಹೇಳಿದೆ ಅಷ್ಟೇ.

ಈಗ ಕೆಲಸದ ಮಾತು. ಮುದುಕಿ ಅಂದ ಕೂಡಲೇ ಎಲ್ಲರೂ ಬೆನ್ನು ಬಗ್ಗಿಸಿ, ಸೊಂಟಕ್ಕೆ ಕೈ ಕೊಡ್ತಾರೆ. ನೀನು ಹಾಗೆ ಮಾಡಬೇಡ. ವಯಸ್ಸು ನಡಿಗೆಯಲ್ಲಿ ಕಾಣೋದಕ್ಕಿಂತ ಏಳುವಾಗ ಜಾಸ್ತಿ ಕಾಣುತ್ತೆ. ಕೂತಲ್ಲಿಂದ ಏಳು, ಒಂದು ಕ್ಷಣ ಹಾಗೇ ನಿಲ್ಲು, ಮೊಣಕಾಲು ಒಪ್ಪಿಕೊಂಡ ಮೇಲೆ ಮೊದಲ ಹೆಜ್ಜೆ ಇಡು. ಈಗ ನನಗೆ ನಿಜವಾಗಿ ವಯಸ್ಸಾಗಿದೆ, ದಿನಾ ಬೆಳಿಗ್ಗೆ ಹಾಸಿಗೆಯಿಂದ ಹಾಗೇ ಏಳ್ತೀನಿ. ಆಗ ಮಾಡಿದ್ದು ಸರಿಯಾಗೇ ಇತ್ತು ಅಂತ ಈಗ ಖಾತ್ರಿಯಾಗಿದೆ. ಇನ್ನು ಕೂದಲಿಗೆ ರಾಶಿ ರಾಶಿ ಪೌಡರ್ ಮೆತ್ತಬೇಡ. ಮಗ ತಬ್ಬಿಕೊಂಡಾಗ ಅವನ ಕರಿ ಕೋಟಿನ ತುಂಬ ಅದೇ.

ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯ ಒಂದು ರಾತ್ರಿಯ ಕಥೆ ನಿನಗೆ ಹೇಳಿದ್ದೇನೋ ಇಲ್ವೋ. ಜಾತ್ರೆ ಅಂದರೆ ಸಾಲಾಗಿ ಕಂಪನಿಗಳ ಟೆಂಟು. ಪಕ್ಕದ ಕಂಪನಿಯ ಹಾಡು ನಮ್ಮ ಮಾತಿನ ಮೇಲೇ ಬಂದು ಬೀಳುತ್ತೆ. ಜನಕ್ಕೆ ಬೇಸರ ಬಂತೋ, ಎದ್ದು ಅಲ್ಲಿಗೆ ಹೋದರು. ಅವತ್ತು ನಾನೊಬ್ಬಳೇ ರಂಗದ ಮೇಲೆ, ಕೈಯಲ್ಲಿ ಮೊರ. ಮಗ ಪಟ್ಟಣದಿಂದ ಬರಬೇಕು. ಬರಲಿಲ್ಲ. ಸೈಡ್ ವಿಂಗ್ ಕಡೆ ಕಣ್ಣು ಹಾಯಿಸಿದರೆ ಹೀರೋ ಮೀಸೆ ಒಂದು ಕಡೆ ಕಿತ್ತುಕೊಂಡಿದೆ, ಇಬ್ಬರು ಅಂಟು ಹಿಡಿದು ಒದ್ದಾಡ್ತಿದ್ದಾರೆ. ಪರದೆ ಎಳೆಯೋ ಹಾಗಿಲ್ಲ. ಮೊರದಲ್ಲಿ ಒಂದು ಕಾಳೂ ಇಲ್ಲ, ಅದು ಬರೀ ತೋರಿಕೆಗೆ. ನಾನು ಕೂತೆ. ಜೋಳ ಹಸನು ಮಾಡೋಕೆ ಶುರು ಮಾಡಿದೆ. ಕೇರಿದೆ, ಹೊಟ್ಟು ಊದಿದೆ, ಕಲ್ಲು ಹೆಕ್ಕಿ ಎಡಗಡೆ ಇಟ್ಟೆ. ಒಂದು ಕಲ್ಲು ಸಿಗದೆ ಸತಾಯಿಸಿತು, ಅದನ್ನು ಹುಡುಕಿದೆ. ಸುಮ್ನೆ ಗುನುಗಿದೆ. ಪೇಟಿ ಮಾಸ್ತರು ಪುಣ್ಯಾತ್ಮ, ನನ್ನ ಶ್ರುತಿ ಹಿಡಿದು ಮೆಲ್ಲಗೆ ನುಡಿಸಿದರು. ನಾಲ್ಕು ನಿಮಿಷವೋ ಐದೋ. ಒಬ್ಬರೂ ಏಳಲಿಲ್ಲ.

ಮರುದಿನ ಜಾತ್ರೆಯಲ್ಲಿ ಬಳೆ ಮಾರುವಾಕೆ ನನ್ನ ಗುರುತು ಹಿಡಿದಳು. 'ಯವ್ವಾ, ನಿನ್ನಿ ಜ್ವಾಳದಾಗ ಕಲ್ಲು ಭಾಳ ಇದ್ದುವಲ್ಲ?' ಅಂದಳು.

ಮಾಲೀಕರು ಆ ಜೋಳದ ಸೀನನ್ನು ನಾಟಕದಲ್ಲೇ ಇಟ್ಟುಕೊಂಡರು. ಪಗಾರ ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಅದು ಬೇರೆ ಮಾತು.

ಇದೇ ಕೈಯಿಂದ ತಪ್ಪೂ ಮಾಡಿದ್ದೇನೆ, ಅದನ್ನೂ ಕೇಳು. ಕಾಯಿಲೆ ತಾಯಿಯ ಪಾತ್ರದಲ್ಲಿ ಕೆಮ್ಮು ದೊಡ್ಡ ಆಯುಧ. ಒಂದು ನಾಟಕದಲ್ಲಿ ನಾಯಕಿ ಅಳುವ ಮಾತು ಹೇಳುವಾಗ ಸರಿಯಾಗಿ ನಡುವೆ ಕೆಮ್ಮುತ್ತಿದ್ದೆ. ಜನರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. ಒಂದು ವಾರ ಹೀಗೆ ನಡೆಯಿತು. ಆ ಹುಡುಗಿ ಜಗಳ ಮಾಡಲಿಲ್ಲ. ಎಂಟನೇ ದಿನ ನಾನು ಕೆಮ್ಮಿದ ಕೂಡಲೇ ಮಾತು ನಿಲ್ಲಿಸಿ, ಚೊಂಬಿನಲ್ಲಿ ನೀರು ತಂದು ಕೊಟ್ಟು, ನಾನು ಕುಡಿದು ಮುಗಿಸುವವರೆಗೂ ಕಾದಳು. ಆಮೇಲೆ ಮಾತು ಮುಂದುವರಿಸಿದಳು. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ನಿನ್ನ ನಾಯಕಿಯ ಮೇಲೆ ನಿನಗೆ ಸಿಟ್ಟಿದೆ, ಅದಕ್ಕೇ ಇದನ್ನು ಬರೆದೆ.

ಪಕ್ಕದಲ್ಲಿ ನಿಲ್ಲೋದು ಹೇಗೆ ಅಂತ ನಾನು ಕಲಿತಿದ್ದು ನೋಡಿಯೇ. ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯಲ್ಲಿ ದ್ರೌಪದಿ. ಅವರನ್ನು ನೋಡೋಕೆ ಅಂತಲೇ ಹೋದವಳು, ಜೊತೆಗೆ ನಿಂತಿದ್ದವರನ್ನು ನೋಡ್ತಾ ಕೂತೆ. ಆಕೆ ಹಾಡು ಎತ್ತುವ ಮೊದಲೇ ಒಬ್ಬರು ಅರ್ಧ ಹೆಜ್ಜೆ ಹಿಂದೆ ಸರಿದರು. ಯಾರಿಗೂ ಗೊತ್ತಾಗಲಿಲ್ಲ. ಅವರ ಹೆಸರು ನನಗೂ ಗೊತ್ತಾಗಲಿಲ್ಲ.

ಹೆಸರಿನ ಮಾತಿಗೇ ಬರ್ತೀನಿ. ಈ ಕಾಗದದಲ್ಲಿ ನೀನು ಕೇಳಲೇಬೇಕಾದ ಮಾತು ಇದು. ಹ್ಯಾಂಡ್‌ಬಿಲ್ಲಿನಲ್ಲಿ ಮೇಲೆ ನಾಯಕ ನಾಯಕಿಯರ ಫೋಟೋ, ಕೆಳಗೆ ಹಾಸ್ಯಗಾರನ ಹೆಸರು, ಕೊನೆಗೆ 'ಮತ್ತು ಇತರರು'. ನಾನು ಆ ಇತರರು. ಆಗ ಏನೂ ಅನಿಸಲಿಲ್ಲ. ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಿದಾಗ, ಇಷ್ಟು ವರ್ಷ ನಾಟಕದಲ್ಲಿ ಇದ್ದಿದ್ದಕ್ಕೆ ದಾಖಲೆ ಕೊಡಿ ಅಂದರು. ಟ್ರಂಕು ಸುರಿದು ನೋಡಿದರೆ ಹೆಸರಿರುವ ಹ್ಯಾಂಡ್‌ಬಿಲ್ಲು ಬರೀ ಮೂರು. ಒಂದರಲ್ಲಿ ಹೆಸರೇ ತಪ್ಪು. ಸತ್ತ ಮಾಲೀಕರ ಮಕ್ಕಳ ಮನೆ ಬಾಗಿಲಿಗೆ ಹೋದೆ, ಹಳೆ ಗ್ರೂಪ್ ಫೋಟೋದಲ್ಲಿ ಇದು ನಾನೇ ಅಂತ ಬೆರಳಿಟ್ಟು ತೋರಿಸಿದೆ, ಜೊತೆಗಿದ್ದವರಿಂದ ಪತ್ರ ಬರೆಸಿದೆ. ಎರಡು ವರ್ಷ ಅಲೆದ ಮೇಲೆ ಕೈಗೆ ಬಂತು. 42 ವರ್ಷ ಸಾವಿರಾರು ಜನರ ಎದುರು ನಿಂತವಳಿಗೆ, ನಿಂತಿದ್ದಕ್ಕೆ ಸಾಕ್ಷಿ ಇರಲಿಲ್ಲ ನೋಡು.

ಅದಕ್ಕೇ ಒಂದು ನೋಟ್‌ಬುಕ್ ಇಡು. ತಾರೀಖು, ಊರು, ನಾಟಕ, ಪಾತ್ರ. ಒಂದು ಪ್ರದರ್ಶನಕ್ಕೆ ಒಂದು ಸಾಲು ಸಾಕು. ಕರಪತ್ರ, ಟಿಕೆಟ್, ಸಂಬಳದ ಚೀಟಿ ಎಲ್ಲ ಅದರೊಳಗೇ ಇರಲಿ. ಕರಪತ್ರ ಪ್ರೆಸ್ಸಿಗೆ ಹೋಗೋ ಮುಂಚೆ ನಿನ್ನ ಹೆಸರು ಇದೆಯಾ ಅಂತ ಕೇಳು. ಇಲ್ಲದಿದ್ದರೆ ಹಾಕಿಸು. ಕೇಳೋಕೆ ನಾಚಬೇಡ. ನಾನು ನಾಚಿ ಕೆಟ್ಟೆ.

ಇನ್ನು ನಾಯಕಿ ಪಾತ್ರ ನಿನಗೆ ಯಾವತ್ತೂ ಬರಲ್ಲ ಅಂತ ನಾನು ಹೇಳ್ತಿಲ್ಲ. ಬಂದರೆ ಮಾಡು. ನನಗೂ ಎರಡು ಸಲ ಬಂದಿತ್ತು, ನಾಯಕಿಗೆ ಜ್ವರ ಬಂದಾಗ. ಚೆನ್ನಾಗೇನೂ ಮಾಡಲಿಲ್ಲ.

ತಾಲೀಮು ಮುಗಿಯೋವರೆಗೂ ಬಿಡುವ ಮಾತು ಯಾರ ಹತ್ತಿರವೂ ಎತ್ತಬೇಡ. ನಿಮ್ಮಪ್ಪನಿಗೆ ನಾನಿನ್ನೂ ಹೇಳಿಲ್ಲ. ನಾಟಕ ಈ ಕಡೆ ಬಂದರೆ ಮೊದಲೇ ತಿಳಿಸು. ಮುಂದಿನ ಸಾಲಿನ ಪಾಸು ಬೇಡ, ಕೊನೇ ಸಾಲಲ್ಲಿ ಕೂರ್ತೀನಿ. ಮಾತು ಅಲ್ಲಿವರೆಗೂ ಬರುತ್ತಾ ನೋಡಬೇಕು.

ಇಂತಿ,
ನಿನ್ನ ಅತ್ತೆ