ಲರ್ಚರ್ ಮರಿಗೆ ಮುಂಗಡ ಕೊಡುವ ಮೊದಲು

ಇಂಗ್ಲೆಂಡಿನಲ್ಲಿರುವ ಗೆಳೆಯರೇ, ರ‍್ಯಾಬಿಟ್ (ಸಣ್ಣ ಮೊಲ) ಹಿಡಿಯುವಂಥ ಕೆಲಸಕ್ಕೆ ಬೇಕಾದ ಲರ್ಚರ್ ನಾಯಿಮರಿಯನ್ನು ದೊಡ್ಡ ವ್ಯಾಪಾರಿ ಬ್ರೀಡರ್, ಅಂದರೆ ಮರಿ ಹಾಕಿಸಿ ಮಾರುವವರ ಹತ್ತಿರ ಕೊಳ್ಳಬಹುದಾ ಅಂತ ಕೆಲವರು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಬೇಡ.

ಲರ್ಚರ್ ಅಂದರೆ ಗ್ರೇಹೌಂಡ್, ವಿಪೆಟ್‌ನಂಥ ಓಟದ ನಾಯಿಗೆ ಕೋಲಿಯನ್ನೋ ಟೆರಿಯರನ್ನೋ ಕೂಡಿಸಿ ಪಡೆದ ಮಿಶ್ರತಳಿ. ಅದಕ್ಕೆ ಶುದ್ಧತಳಿ ನಾಯಿಗಳನ್ನು ನೋಂದಾಯಿಸುವ ಕೆನೆಲ್ ಕ್ಲಬ್ಬಿನ ವಂಶಪತ್ರ ಇರುವುದಿಲ್ಲ. ಹಾಗಾಗಿ ತಂದೆ ತಾಯಿ ಹೊಲದಲ್ಲಿ ಹೇಗೆ ಕೆಲಸ ಮಾಡುತ್ತವೆ ಅನ್ನುವುದೇ ಮುಖ್ಯ. ಮಾತು ಕೇಳುತ್ತವಾ? ಕುರಿಗಳ ನಡುವೆ ಸುಮ್ನೆ ಇರುತ್ತವಾ? ಬೇಲಿ ದಾಟುವಾಗ ತಾಳ್ಮೆ ಇದೆಯಾ? ಸದಾ ಗೂಡಿನಲ್ಲೇ ಇದ್ದು ಮರಿ ಹಾಕುವ ತಾಯಿಯನ್ನು ನೋಡಿ ಇದನ್ನೆಲ್ಲ ತಿಳಿಯಲು ಆಗುವುದಿಲ್ಲ. ಮಾರುವವರ ಬಳಿ ಸ್ಥಳೀಯ ಕೌನ್ಸಿಲ್ ಕೊಡುವ ಬ್ರೀಡಿಂಗ್ ಲೈಸೆನ್ಸ್ ಇದ್ದರೆ ಒಳ್ಳೆಯದೇ, ಆದರೆ ಅದು ನಾಯಿಗಳ ಆರೈಕೆಗೆ ಮಾತ್ರ ಸಂಬಂಧಿಸಿದ್ದು.

ತನ್ನ ನಾಯಿಯಿಂದಲೇ ಕೆಲಸ ಮಾಡಿಸಿ, ತನಗೂ ಒಂದು ಮರಿ ಉಳಿಸಿಕೊಳ್ಳುವವರನ್ನು ಹುಡುಕಿ. ಕಾಯಬೇಕಾಗಬಹುದು, ಕಾಯಿರಿ.

2020ರ ಏಪ್ರಿಲ್‌ನಿಂದ ಆರು ತಿಂಗಳೊಳಗಿನ ಮರಿಯನ್ನು ಅಂಗಡಿಯವರಾಗಲಿ ದಲ್ಲಾಳಿಗಳಾಗಲಿ ಮಾರುವಂತಿಲ್ಲ. ಮರಿಯನ್ನು ತಾಯಿಯ ಜೊತೆಯಲ್ಲೇ ನೋಡಿ. ಕಾರ್ ಪಾರ್ಕಿನಲ್ಲಿ ತಂದು ಕೊಡ್ತೀವಿ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಮರಿಗೆ ಚರ್ಮದಡಿಯ ಗುರುತಿನ ಮೈಕ್ರೋಚಿಪ್ ಹಾಕಿಸಿರಲೇಬೇಕು.

ಇನ್ನೊಂದು ಮಾತು. 2004ರ ಹಂಟಿಂಗ್ ಆಕ್ಟ್ ಪ್ರಕಾರ ನಾಯಿ ಬಿಟ್ಟು ದೊಡ್ಡ ಮೊಲ, ಅಂದರೆ ಹೇರ್, ಹಿಡಿಸುವುದು ಅಪರಾಧ. ರ‍್ಯಾಬಿಟ್ ಹಿಡಿಸಲೂ ಜಮೀನಿನವರ ಒಪ್ಪಿಗೆ ಬೇಕು. "ಹೇರ್ ಹಿಡಿಯುವ ಸಾಲಿನದು" ಅಂತ ಹೊಗಳಿ ಮಾರುವವರಿಂದ ದೂರವಿರಿ.

ಬರೀ ಜೊತೆಗಿರಲು ನಾಯಿ ಬೇಕಾದವರು ಮೊದಲು ಮನೆಯಿಲ್ಲದ ನಾಯಿಗಳನ್ನು ಸಾಕುವ ರೆಸ್ಕ್ಯೂ ಕೇಂದ್ರಕ್ಕೆ ಹೋಗಿ. ಅಲ್ಲಿ ಮನೆಗಾಗಿ ಕಾಯುತ್ತಿರುವ ಲರ್ಚರ್‌ಗಳು ಜಾಸ್ತಿ.