ನಮ್ಮ ಬೋರ್ಡಿನಲ್ಲಿ ಧನಲಕ್ಷ್ಮಿ ದನಲಕ್ಷ್ಮಿಯಾದ ಬಗ್ಗೆ ದೂರು

ವ್ಯವಸ್ಥಾಪಕರಿಗೆ,
ಬೋರ್ಡ್ ಮತ್ತು ಪ್ರಿಂಟಿಂಗ್ ವಿಭಾಗ, ಬೆಂಗಳೂರು

ವಿಷಯ: ಒಪ್ಪಿದ ಪ್ರೂಫ್ ಬಿಟ್ಟು ಬೇರೆ ಅಕ್ಷರದಲ್ಲಿ ಬೋರ್ಡ್ ಮಾಡಿಕೊಟ್ಟಿರುವುದು

ಮಾನ್ಯರೇ,

ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಖುದ್ದಾಗಿ ಬಂದೆ. ಇನ್ನು ಬಾಯಿಮಾತು ಸಾಕು ಅಂತ ಬರೆಯುತ್ತಿದ್ದೇನೆ.

ಗಾಂಧಿ ಬಜಾರ್ ಹತ್ತಿರ ನಮ್ಮದು ಕುರುಕಲು ತಿಂಡಿ ಅಂಗಡಿ. ನೀವು ವಾಟ್ಸಾಪಿನಲ್ಲಿ ಕಳಿಸಿದ ಪ್ರೂಫ್‌ನಲ್ಲಿ, ಅಂದರೆ ಬೋರ್ಡಿನ ಮಾದರಿ ಚಿತ್ರದಲ್ಲಿ, ಅಂಗಡಿಯ ಹೆಸರು ಮಾತ್ರ ದಪ್ಪ ಬ್ರಷ್ ಅಕ್ಷರದಲ್ಲಿತ್ತು. ಮಿಕ್ಕಿದ್ದೆಲ್ಲ ಸಾದಾ ಅಕ್ಷರ. ಅದಕ್ಕೇ ನಾನು ಓಕೆ ಅಂದಿದ್ದು. ಬಂದ ಬೋರ್ಡಿನಲ್ಲಿ ಮೇಲಿನ ‘ಶ್ರೀ ಧನಲಕ್ಷ್ಮಿ ಪ್ರಸನ್ನ’ದಿಂದ ಹಿಡಿದು ಫೋನ್ ನಂಬರಿನವರೆಗೂ ಎಲ್ಲ ಬ್ರಷ್ ಅಕ್ಷರವೇ. ಪ್ರೂಫ್ ಒಪ್ಪಿದ ಮೇಲೆ ಏನನ್ನೂ ಬದಲಿಸುವುದಿಲ್ಲ ಅಂತ ನಿಮ್ಮ ಬಿಲ್ಲಿನ ಹಿಂದೆಯೇ ಅಚ್ಚಾಗಿದೆ. ನಿಮ್ಮ ನಿಯಮ ನಿಮಗೆ ಗೊತ್ತಿರಬೇಕು ಅಲ್ವಾ?

ಕಳೆದ ಸೋಮವಾರ ಬೆಳಿಗ್ಗೆ 11 ಗಂಟೆಗೆ ನಿಮ್ಮ ಕೌಂಟರಿನಲ್ಲಿ ಆದದ್ದನ್ನು ಪೂರ್ತಿ ಬರೆಯುತ್ತೇನೆ. ಅಲ್ಲಿದ್ದ ಹುಡುಗ, "ಏನ್ ಅಂಕಲ್, ಮತ್ತೆ ಬಂದ್ರಾ?" ಅಂದ. ಕೂತ್ಕೊಳ್ಳಿ ಅನ್ನಲಿಲ್ಲ. ಪಕ್ಕದಲ್ಲಿ ಒಂದು ಕುಟುಂಬ ಮದುವೆ ಕಾರ್ಡ್ ನೋಡುತ್ತಿತ್ತು. ನಾನು ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೆಗೆದು, "ಮೇಲಿನ ಸಾಲು ಓದಪ್ಪ" ಅಂದೆ. ಎರಡು ಬೆರಳಲ್ಲಿ ಹಿಗ್ಗಿಸಿದ. ಇನ್ನೊಂದು ಸಲ ಹಿಗ್ಗಿಸಿದ. "ಶ್ರೀ ದನ..." ಅಂದು ನಿಲ್ಲಿಸಿದ. ಆಮೇಲೆ, "ಧನಲಕ್ಷ್ಮಿ. ಸರಿಯಾಗೇ ಇದೆಯಲ್ಲ ಅಂಕಲ್" ಅಂದ.

"ಹಿಗ್ಗಿಸಿ ನೋಡಿದರೂ ನೀನೇ ದನ ಅಂತ ಓದಿದೆ. ರಸ್ತೆಯಲ್ಲಿ ಹೋಗುವವರು ಬೋರ್ಡನ್ನು ಹೇಗಪ್ಪ ಹಿಗ್ಗಿಸ್ತಾರೆ?" ಅಂತ ಕೇಳಿದೆ.

"ಇದು ಬೋಲ್ಡ್ ಬ್ರಷ್ ಸ್ಕ್ರಿಪ್ಟ್. ಈಗ ಎಲ್ಲರೂ ಇದನ್ನೇ ಕೇಳೋದು. ನಿಮ್ಮ ಕಾಲದವರಿಗೆ ಗೊತ್ತಾಗಲ್ಲ. ಒಂದ್ಸಲ ಕಣ್ಣು ಚೆಕ್ ಮಾಡಿಸ್ಕೊಳ್ಳಿ" ಅಂದ. ಮದುವೆ ಕಾರ್ಡಿನವರು ನಕ್ಕರು. ನನಗೆ 56 ವರ್ಷ. ದುಡ್ಡು ಕೊಟ್ಟು ಮಾಡಿಸಿದ ಬೋರ್ಡಿಗಾಗಿ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ಹೊರಗೆ ಬಂದೆ.

ನನಗೆ ಗೊತ್ತಾಗುತ್ತದೆ. ನಮ್ಮಪ್ಪ ಬೋರ್ಡ್ ಬರೆದೇ ನಮ್ಮನ್ನು ಓದಿಸಿದವರು. ಎನಾಮಲ್ ಪೇಂಟಿನ ವಾಸನೆಯಲ್ಲೇ ಬೆಳೆದವನು ನಾನು. ಬ್ರಷ್ ಅಕ್ಷರ ನನಗೆ ಬಲು ಇಷ್ಟ. ಎಳೆ ಶುರುವಾಗುವಾಗ ಗಟ್ಟಿಯಾಗಿ ಕೂರುತ್ತದೆ, ತುದಿಗೆ ಬರುತ್ತಾ ಬಣ್ಣ ಖಾಲಿಯಾಗಿ ಕೂದಲಿನ ಗೆರೆ ಕಾಣುತ್ತದೆ. ಬರೆದವನ ಕೈ ಓಡಿದ್ದು ಗೊತ್ತಾಗುತ್ತದೆ. ಸಿನಿಮಾ ಪೋಸ್ಟರಿನ ಹೆಸರಿಗೆ, ಚಕ್ಕುಲಿ ಪ್ಯಾಕೆಟ್ಟಿನ ಮೇಲೆ ಒಂದೇ ಒಂದು ಪದಕ್ಕೆ, ಅಂಗಡಿಯ ಹೆಸರಿಗೆ ಅದರಂಥ ಅಕ್ಷರ ಇಲ್ಲ. ನಮ್ಮ ಬೋರ್ಡಿನಲ್ಲೂ ಒಂದಡಿ ಎತ್ತರದ ಹೆಸರು ಚೆನ್ನಾಗಿಯೇ ಬಂದಿದೆ. ಅದನ್ನು ನಾನು ದೂರುತ್ತಿಲ್ಲ.

ಆದರೆ ಅದೇ ಅಕ್ಷರವನ್ನು ಎರಡು ಇಂಚಿಗೆ ಇಳಿಸಿದರೆ ಸಂದೆಲ್ಲ ಮುಚ್ಚಿಹೋಗುತ್ತದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಹೊಟ್ಟೆಯ ಹತ್ತಿರದ ಒಂದು ಸಣ್ಣ ಸೀಳು. ದಪ್ಪ ಎಳೆ ಅದನ್ನು ನುಂಗಿತು, ಲಕ್ಷ್ಮಿ ದನವಾದಳು. ರಾತ್ರಿ ಒಳಗಿನ ಲೈಟ್ ಹಾಕಿದರೆ ಇನ್ನೂ ಜಾಸ್ತಿ. ‘ಹಪ್ಪಳ’ದ ಒತ್ತು ಕೆಳಗಿನ ಸಾಲಿನ ‘ಉಪ್ಪಿನಕಾಯಿ’ಗೆ ತಾಗಿ ಎರಡೂ ಒಂದೇ ಮುದ್ದೆ. ಕನ್ನಡಕ್ಕೆ ಕೆಳಗೆ ಒತ್ತು ಬರುತ್ತದೆ, ಸಾಲಿನ ನಡುವೆ ಜಾಗ ಬಿಡಬೇಕು. ಅಪ್ಪ ಮೊದಲು ಸೀಮೆಸುಣ್ಣದಲ್ಲಿ ಒತ್ತಿಗೂ ಒಂದು ಗೆರೆ ಎಳೆದುಕೊಳ್ಳುತ್ತಿದ್ದರು.

ಇಂಗ್ಲಿಷನ್ನೂ ಕೆಡಿಸಿದ್ದೀರಿ. ಪೂರ್ತಿ ಕ್ಯಾಪಿಟಲ್ ಹಾಕಿದ್ದೀರಿ. 1942ರಲ್ಲಿ ಅಮೆರಿಕನ್ ಟೈಪ್ ಫೌಂಡರ್ಸ್ ಅನ್ನೋ ಅಚ್ಚಿನ ಅಕ್ಷರದ ಕಂಪನಿಗೆ ರಾಬರ್ಟ್ ಇ. ಸ್ಮಿತ್ ಮಾಡಿಕೊಟ್ಟ ಬ್ರಷ್ ಸ್ಕ್ರಿಪ್ಟ್ ಅನ್ನೋ ಇಂಗ್ಲಿಷ್ ಫಾಂಟನ್ನು ನನ್ನ ಮಗಳು ಕಂಪ್ಯೂಟರಿನಲ್ಲಿ ತೋರಿಸಿದಳು. ಸಣ್ಣಕ್ಷರಗಳು ಒಂದರ ಕೈ ಇನ್ನೊಂದು ಹಿಡಿದು ಹೋಗುತ್ತವೆ, ಅದೇ ಅದರ ಚೆಂದ. ಕ್ಯಾಪಿಟಲ್‌ಗಳು ಹಾಗೆ ಕೂಡುವುದಿಲ್ಲ, ಒಂದೊಂದೂ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇದೆ, ಕಾನೂನಿನ ಪ್ರಕಾರ ಸರಿ ಇದೆ ಅಂತ ಫೋನಿನಲ್ಲಿ ಹೇಳಿದಿರಿ. ಓದಲು ಬಾರದ ಕನ್ನಡ ಎಷ್ಟಿದ್ದರೇನು?

ಅಪ್ಪನಿಗೆ ಈಗ 81. ಬೋರ್ಡ್ ಹಾಕಿದ ದಿನ ಕುರ್ಚಿ ಹಾಕಿಸಿಕೊಂಡು ಎದುರು ಕೂತರು. ಮೊದಲ ಸಾಲನ್ನು ತುಂಬಾ ಹೊತ್ತು ನೋಡಿದರು. "ಇಳಿಸಿಬಿಡೋ" ಅಂದರು, ಅಷ್ಟೇ.

15 ದಿನದೊಳಗೆ ಒಪ್ಪಿದ ಪ್ರೂಫ್‌ನಂತೆ ಬೋರ್ಡ್ ಮಾಡಿಕೊಡಿ. ಇಲ್ಲ, 18,500 ರೂಪಾಯಿ ವಾಪಸ್ ಕೊಡಿ. ಎರಡೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವೂ ಇಲ್ಲ. ಪ್ರೂಫ್, ಬಿಲ್ಲು, ಫೋಟೊ ಎಲ್ಲ ಜೋಡಿಸಿಟ್ಟಿದ್ದೇನೆ. ಹದಿನಾರನೇ ದಿನ ಬೋರ್ಡನ್ನು ಇಳಿಸಿ, ಗಾಡಿಯಲ್ಲಿ ಹಾಕಿಕೊಂಡು ನಿಮ್ಮ ಆಫೀಸಿಗೆ ತರುತ್ತೇನೆ. ಒಳಗೆ ಬರುವ ಪ್ರತಿಯೊಬ್ಬರಿಗೂ ಮೊದಲ ಸಾಲು ಓದಿ ಅಂತ ಕೇಳುತ್ತೇನೆ.

ಇತಿ,
ಬೋರ್ಡ್ ಬರೆಯುವವರ ಮಗ, ನಿಮ್ಮ ಗ್ರಾಹಕ