ಹಳೆಯ ಕರ್ನಲ್ ಅಳಿಸುವ ಅವಸರ ಬೇಡ

ಮಾನ್ಯ ಸಂಪಾದಕರೇ,

ಲಿನಕ್ಸ್ ಕರ್ನಲ್ಲನ್ನು (ಯಂತ್ರಾಂಶವನ್ನು ನಿಭಾಯಿಸುವ, ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸೋರ್ಸ್ ಕೋಡ್‌ನಿಂದ ತಾವೇ ಕಂಪೈಲ್ ಮಾಡಿಕೊಳ್ಳುವವರು ಹೆಚ್ಚಾಗಿ ಎಡವುವುದು ಕಾನ್ಫಿಗ್ ಕಡತದಲ್ಲಿ, ಅಂದರೆ ಕರ್ನಲ್ಲಿನಲ್ಲಿ ಏನೇನು ಇರಬೇಕೆಂದು ಹೇಳುವ ಆಯ್ಕೆಗಳ ಪಟ್ಟಿಯಲ್ಲಿ. ಈಗ ಓಡುತ್ತಿರುವ ಕರ್ನಲ್ಲಿನ ಕಾನ್ಫಿಗ್ ಸಾಮಾನ್ಯವಾಗಿ ಬೂಟ್ ಫೋಲ್ಡರಿನಲ್ಲೇ ಇರುತ್ತದೆ. ಅದನ್ನು ಹೊಸ ಸೋರ್ಸ್ ಫೋಲ್ಡರಿಗೆ ‘.ಕಾನ್ಫಿಗ್’ ಹೆಸರಿನಲ್ಲಿ ನಕಲಿಸಿ ‘ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್’ ಆಜ್ಞೆ ಕೊಟ್ಟರೆ ಹೊಸ ಆಯ್ಕೆಗಳಿಗೆ ಡೀಫಾಲ್ಟ್ ಉತ್ತರ ತಾನೇ ತುಂಬಿಕೊಳ್ಳುತ್ತದೆ. ಬೇಗ ಮುಗಿಯುತ್ತದೆಂದು ‘ಲೋಕಲ್‌ಮಾಡ್‌ಕಾನ್ಫಿಗ್’ಗೆ ಮರುಳಾಗುವವರೂ ಇದ್ದಾರೆ. ಅದು ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲುಗಳನ್ನಷ್ಟೇ (ಬೇಕಾದಾಗ ಕರ್ನಲ್ಲಿಗೆ ಸೇರುವ ಡ್ರೈವರಿನಂಥ ತುಣುಕುಗಳು) ಉಳಿಸುತ್ತದೆ. ಪೆನ್‌ಡ್ರೈವ್ ಚುಚ್ಚದೆ ಕಟ್ಟಿದ ಕರ್ನಲ್ ನಾಳೆ ಪೆನ್‌ಡ್ರೈವನ್ನೇ ಗುರುತಿಸದಿರಬಹುದು! ಉಬುಂಟುವಿನ ಕಾನ್ಫಿಗ್ ಆದರೆ ‘ಸಿಸ್ಟಮ್ ಟ್ರಸ್ಟೆಡ್ ಕೀಸ್’, ‘ಸಿಸ್ಟಮ್ ರಿವೊಕೇಶನ್ ಕೀಸ್’ ಎಂಬ ಆಯ್ಕೆಗಳೆರಡನ್ನೂ ಖಾಲಿ ಮಾಡಬೇಕು. ಇಲ್ಲವಾದರೆ ಇಲ್ಲದ ಸರ್ಟಿಫಿಕೇಟ್ ಕಡತ ಹುಡುಕುತ್ತಾ ಬಿಲ್ಡ್ ಅರ್ಧಕ್ಕೇ ನಿಲ್ಲುತ್ತದೆ.

ದೋಷ ಹುಡುಕಲು ಬಳಸುವ ಡಿಬಗ್ ಮಾಹಿತಿಯನ್ನು ಕೈಬಿಡದಿದ್ದರೆ ಬಿಲ್ಡಿಗೆ 20 ಜಿಬಿ ಜಾಗವೂ ಸಾಲದೆ ಹೋಗಬಹುದು. ಮಾಡ್ಯೂಲ್ ಹಾಕುವಾಗ ‘ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1’ ಸೇರಿಸಿ, ಆ ಮಾಹಿತಿ ಕಳಚಿಹೋಗುತ್ತದೆ; ಮರೆತರೆ ಬೂಟ್ ಆಗುವಾಗ ಮೊದಲಿಗೆ ಬೇಕಾಗುವ ಕಡತವಾದ ಇನಿಟ್‌ಆರ್‌ಡಿ ನೂರಾರು ಎಂಬಿಗೆ ಊದಿಕೊಂಡು 512 ಎಂಬಿಯ ಬೂಟ್ ವಿಭಾಗ ಭರ್ತಿ. ಸಹಿಯಿರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಸಹಿಯಿಲ್ಲದ ಕರ್ನಲ್ಲನ್ನು ಕರ್ನಲ್ಲುಗಳ ಪಟ್ಟಿ ತೋರಿಸಿ ಬೂಟ್ ಮಾಡಿಸುವ ಗ್ರಬ್ ಒಳಗೇ ಬಿಡುವುದಿಲ್ಲ. ಆಗ ಆ ಪಟ್ಟಿಯಲ್ಲಿ ಹಳೆಯ ಕರ್ನಲ್ ಉಳಿದಿದ್ದರೆ ಬಚಾವ್. ಹೊಸದು ನಾಲ್ಕು ದಿನ ಸರಿಯಾಗಿ ಓಡುವ ತನಕ ಹಳೆಯದನ್ನು ಮುಟ್ಟಬೇಡಿ.

– ಲಿನಕ್ಸ್ ಬಳಕೆದಾರರು, ಮೈಸೂರು